ಬರೆಯೋ ಹೆಣ್ಮಕ್ಕಳ ಚೀಲಕ್ಕೆ ಎಂಥ ಲ್ಯಾಪ್‌ಟಾಪ್ ಬೇಕು?

ಅಕ್ಕಾರೇ, ಅತ್ತಿಗೇರೇ, ಇವತ್ತು ಅಡಿಗಿ ಸುದ್ದಿ ಅಲ್ಲ, ಲ್ಯಾಪ್‌ಟಾಪ್ ಸುದ್ದಿ. “ನಮಗ್ಯಾಕವ್ವ ಅದು” ಅಂತ ಎದ್ದು ಹೋಗಬ್ಯಾಡ್ರಿ. ನಮ್ಮ ವಿನೋಬನಗರದಾಗ ಬರೆಯೋ ಹೆಣ್ಮಕ್ಕಳು ಕಡಿಮಿ ಏನಿಲ್ಲ. ಒಬ್ರು ಸಂಘದ ವರದಿ ಬರೀತಾರೆ, ಒಬ್ರು ಟ್ಯೂಷನ್ ನೋಟ್ಸ್, ಒಬ್ರು ಅವ್ವನ ಕಾಲದ ಬೀಸೋಕಲ್ಲಿನ ಪದ ಬರೆದಿಡ್ತಾರೆ, ಇನ್ನೊಬ್ರು ಯಾರಿಗೂ ತೋರಿಸದ ಕತಿ. ಆದ್ರೆ ಬರೆಯೋ ಹೊತ್ತು ಯಾರಿಗೂ ಒಂದೇ ಕಡೆ ಸಿಗಲ್ಲ. ಆಸ್ಪತ್ರಿ ಬೆಂಚಿನ ಮ್ಯಾಲೆ ಒಂದು ತಾಸು, ಮಗಳ ಡ್ಯಾನ್ಸ್ ಕ್ಲಾಸ್ ಹೊರಗೆ ಮುಕ್ಕಾಲು ತಾಸು, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವಾಗ ರೈಲಿನಾಗ ಒಂದೆರಡು ತಾಸು. ಹಿಂಗೆ ಚೂರು ಚೂರು ಹೊತ್ತು ಕೂಡಿಸಿನೇ ನಮ್ಮ ಬರವಣಿಗಿ ಆಗಬೇಕು.

ಅದಕ್ಕೇ ನನ್ನ ಮಾತು ಇಷ್ಟು: ಬರೆಯೋ ಹೆಣ್ಮಗಳಿಗೆ ಮನ್ಯಾಗ ಮಿಕ್ಕಿದ ಲ್ಯಾಪ್‌ಟಾಪ್ ಕೊಡೋದು ಸಾಕು. ಅವಳ ಚೀಲಕ್ಕೆ ಹಿಡಿಸೋದು, ಅವಳ ಕೈಗೆ ಒಗ್ಗೋದು ಬೇಕು.

ಎಲ್ಲರ ಮನ್ಯಾಗೂ ಇದೇ ಕತಿ ನೋಡ್ರಿ. ಮಗ ಇಂಜಿನಿಯರಿಂಗ್ ಮುಗಿಸ್ತಾನೆ, ಕೆಲಸ ಸಿಗ್ತತಿ, ಹೊಸದು ತಗೊಳ್ತಾನೆ. ಹಳೇದು ಅವ್ವಗೆ. ಅನ್ನ ಮಿಕ್ಕಿದ್ರೆ ಚಿತ್ರಾನ್ನ ಮಾಡಬಹುದು, ಲ್ಯಾಪ್‌ಟಾಪ್ ಮಿಕ್ಕಿದ್ರೆ ಏನು ಮಾಡಾಕೆ ಬರ್ತತಿ? ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಸಾಯ್ತತಿ. ಗ್ವಾಡಿ ಪ್ಲಗ್ಗಿಗೆ ಕಟ್ಟಿ ಹಾಕಿದ ಎಮ್ಮಿ ಇದ್ದಂಗೆ, ಎಲ್ಲಿಗೂ ಹೊರಡಂಗಿಲ್ಲ. ಅದರಾಗ ವಿಂಡೋಸ್ 10 ಇದ್ರೆ ಇನ್ನೊಂದು ತೊಡಕು. ಮೈಕ್ರೋಸಾಫ್ಟ್ ನವರು ಅದಕ್ಕೆ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನ್ಯಾಗ ಕೂತು ಸಿನಿಮಾ ನೋಡಾಕೆ ಇರ್ಲಿ ಬಿಡ್ರಿ. ಹೊತ್ತುಕೊಂಡು ಹೋಗಿ ಬರೆಯಾಕೆ ಅದು ಆಗಲ್ಲ.

ಹಂಗಾದ್ರೆ ಎಂಥದು ತಗೋಬೇಕು? ಮೊದಲು ತೂಕ ನೋಡ್ರಿ. ಅಂಗಡಿಯಾಗ ಕೈಯಾಗ ಎತ್ತಿದ್ರೆ ಎಲ್ಲಾವೂ ಹಗುರ ಅನ್ನಸ್ತಾವೆ. ಮನ್ಯಾಗ ಎರಡು ಕೆಜಿ ಸಕ್ಕರಿ ಪೊಟ್ಟಣ ನಿಮ್ಮ ಚೀಲಕ್ಕೆ ಹಾಕಿ, ಜೊತಿಗೆ ನೀರಿನ ಬಾಟ್ಲಿ, ಊಟದ ಡಬ್ಬಿ ಇಟ್ಟು, ಬಸ್ ಸ್ಟ್ಯಾಂಡ್ ತನಕ ನಡೆದು ನೋಡ್ರಿ. 15.6 ಇಂಚಿನ ದೊಡ್ಡ ಪರದಿಯ ಲ್ಯಾಪ್‌ಟಾಪ್ ಚಾರ್ಜರ್ ಸಮೇತ ಹತ್ರಹತ್ರ ಅಷ್ಟೇ ತೂಗ್ತತಿ. 13 ಇಲ್ಲಾ 14 ಇಂಚಿನವು ಒಂದೂಕಾಲರಿಂದ ಒಂದೂವರೆ ಕೆಜಿಗೆ ಸಿಗ್ತಾವೆ. ಆ ಅರ್ಧ ಕೆಜಿ ಫರಕು ಅಂಗಡಿಯಾಗ ಗೊತ್ತಾಗಲ್ಲ, ಸಂಜಿಗೆ ಹೆಗಲಿಗೆ ಗೊತ್ತಾಗ್ತತಿ.

ಆಮೇಲೆ ಬ್ಯಾಟರಿ. ಡಬ್ಬದ ಮ್ಯಾಲೆ ಬರೆದ ತಾಸು ನಂಬಿ ಕೂರಬ್ಯಾಡ್ರಿ, ಬಳಸುವಾಗ ಅದಕ್ಕಿಂತ ಕಡಿಮಿನೇ ಬರೋದು. ಟೈಪ್-ಸಿ ವೈರಿನಿಂದ ಚಾರ್ಜ್ ಆಗೋದು ಆದ್ರೆ ಅನುಕೂಲ, ದಪ್ಪ ಇಟ್ಟಂಗಿಯಂಥ ಚಾರ್ಜರ್ ಹೊರೋದು ತಪ್ತತಿ. ಆದ್ರೆ ಫೋನಿನ ಸಣ್ಣ ಚಾರ್ಜರ್ ಸಾಲಲ್ಲ, ಸಾಮಾನ್ಯವಾಗಿ 45 ಇಲ್ಲಾ 65 ವ್ಯಾಟ್‌ದು ಬೇಕಾಗ್ತತಿ, ಕೇಳಿ ತಗೊಳ್ರಿ. ಪರದಿ ಕನ್ನಡಿಯಂಗೆ ಮಿಂಚಬಾರದು. ನಮ್ಮೂರ ಏಪ್ರಿಲ್ ಬಿಸಿಲಿನಾಗ ಕೂತ್ರೆ ಬರೆದದ್ದು ಕಾಣಲ್ಲ, ನಮ್ಮ ಮುಖನೇ ಕಾಣ್ತತಿ.

ಅಂಗಡಿ ಹುಡುಗ್ರು ಗೇಮಿಂಗ್‌ದು ತೋರಿಸ್ತಾರೆ, ಗ್ರಾಫಿಕ್ಸ್ ಕಾರ್ಡ್ ಅಂತಾರೆ. ಬರೆಯೋರಿಗೆ ಅದರ ಹಂಗಿಲ್ಲ. ಅದರಿಂದ ರೊಕ್ಕನೂ ಹೆಚ್ಚು, ತೂಕನೂ ಹೆಚ್ಚು, ಬ್ಯಾಟರಿ ಮಾತ್ರ ಕಡಿಮಿ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ರೆ ನಮ್ಮ ಬರವಣಿಗಿಗೆ ಧಾರಾಳ. ಹಂಗಂತ ಅಗ್ಗ ಅಂತ ಹೇಳಿ 4 ಜಿಬಿ, 64 ಜಿಬಿದು ತಗೋಬ್ಯಾಡ್ರಿ. ವಿಂಡೋಸ್ 11 ನಡಿಯಾಕೆ ಬೇಕಾದ ಕನಿಷ್ಠನೇ ಅಷ್ಟು. ನೆಂಟರೇ ತುಂಬಿದ ಮನ್ಯಾಗ ನಮಗೆ ಮಲಗಾಕೆ ಜಾಗ ಇಲ್ಲದಂಗೆ ಆಗ್ತತಿ.

ಇವೆಲ್ಲಕ್ಕಿಂತ ದೊಡ್ಡದು ಕನ್ನಡ. ಮನಿ ಹುಡುಗ್ರು ಲ್ಯಾಪ್‌ಟಾಪ್ ಆರಿಸುವಾಗ ಇದನ್ನ ಕೇಳೋದೇ ಇಲ್ಲ, ಯಾಕಂದ್ರೆ ಅವರು ಬರೆಯೋದು ಇಂಗ್ಲಿಷ್. ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ತಕ್ಕಂಗೆ ಅಕ್ಷರ ಜೋಡಿಸಿದ ಕೀಲಿಮಣಿ ಮಾಡಿಕೊಟ್ಟು ನಮಗೆ ದೊಡ್ಡ ಉಪಕಾರ ಮಾಡ್ಯಾರೆ. ಗಣಕ ಪರಿಷತ್ತಿನ ‘ನುಡಿ’ಯಾಗ ಇರೋದು ಅದೇ ದಾರಿ. ‘ಅಕ್ಕ’ ಅಂತ ಬರೆಯಾಕೆ ಎ, ಕೆ, ಎಫ್, ಕೆ ಒತ್ತಿದ್ರೆ ಆತು. ಆ ಎಫ್ ಒತ್ತು ಕೊಡ್ತತಿ, ಅಷ್ಟೇ ಗುಟ್ಟು. ಈಗಿನ ವಿಂಡೋಸ್‌ನಾಗ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿಕೊಂಡ್ರೂ ಉಚ್ಚಾರದಂಗೆ ಬರೆಯೋ ಕೀಲಿಮಣಿ ಪುಕ್ಕಟೆ ಬರ್ತತಿ. ರೊಕ್ಕ ಕೊಡೋ ಮೊದಲು ಅಂಗಡಿಯಾಗೇ “ಕನ್ನಡ ಹಾಕಿ ತೋರಿಸಪ್ಪ” ಅನ್ರಿ. ಅಜ್ಜಿ, ಜ್ಞಾಪಕ, ಕೃಷ್ಣ, ತುಂಗಭದ್ರಾ ಅಂತ ನೀವೇ ಕೂತು ಹೊಡೆದು ನೋಡ್ರಿ. ನಾಚಿಕಿ ಏನಿಲ್ಲ. ಸೀರಿ ತಗೊಳ್ಳುವಾಗ ಹತ್ತು ಬಿಚ್ಚಿಸಿ ನೋಡಲ್ವಾ?

ಬರೆಯೋದು ಯುನಿಕೋಡ್‌ನಾಗೇ ಇರ್ಲಿ. ಹಳೇ ನುಡಿ ಫಾಂಟಿನಾಗ ಬರೆದು ತಂಗಿಗೆ ವಾಟ್ಸಾಪ್ ಮಾಡಿದ್ರೆ ಅವಳ ಫೋನಿನಾಗ ತಲಿಬುಡ ಇಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಾವೆ.

“ಫೋನ್ ಐತಲ್ಲ, ಸಾಲಲ್ವಾ?” ಅಂತೀರಿ. ತಿಂಗಳಿಗೆ ಎರಡು ಪುಟ ಬರೆಯೋರಿಗೆ ಸಾಕು, ಸುಮ್ನೆ ರೊಕ್ಕ ಹಾಕಬ್ಯಾಡ್ರಿ. ಹರಿಹರದ ಬಸ್ಸಿನ ಕುಲುಕಾಟದಾಗ ಹೊಳೆದದ್ದು ಗುರುತು ಹಾಕ್ಕೊಳಾಕೂ ಫೋನೇ ಚಲೋ. ಬ್ಲೂಟೂತ್ ಕೀಬೋರ್ಡ್ ಸೇರಿಸಿಕೊಂಡ್ರೆ ಇನ್ನೂ ಅನುಕೂಲ. ಆದ್ರೆ ಕೆಲವು ಫೋನಿನಾಗ ಹೊರಗಿನ ಕೀಬೋರ್ಡ್ ಹಾಕಿದ್ರೆ ಇಂಗ್ಲಿಷ್ ಬಿಟ್ಟು ಕನ್ನಡ ಬರಲ್ಲ. ನಿಮ್ಮ ಫೋನಿಗೇ ಜೋಡಿಸಿ ನೋಡಿ ತಗೊಳ್ರಿ. ಉದ್ದ ಬರಹ ತಿದ್ದಾಕೆ ಮಾತ್ರ ಫೋನಿನ ಅಂಗೈಯಗಲ ಪರದಿ ಸಾಲಲ್ಲ. ನಡುವೆ ಫೋನ್ ಬರ್ತಾವೆ, ಗುಂಪಿನ ಮೆಸೇಜ್ ಬರ್ತಾವೆ, ಬರೀತಿದ್ದ ಸಾಲು ಮರೆತು ಹೋಗ್ತತಿ.

“ಮಾತಾಡಿದ್ರೆ ಅದೇ ಬರೀತತಲ್ಲ” ಅಂತಾರೆ ಇನ್ನೊಬ್ರು. ಹೌದು, ಗೂಗಲ್‌ನಾಗ 2017ರಿಂದ ಕನ್ನಡ ಮಾತು ಕೇಳಿ ಬರೆಯೋದು ಐತಿ, ಸಾಮಾನಿನ ಚೀಟಿಗೆ ಬಾಳ ಚಲೋ. ಆದ್ರೆ ಮನಸಿನಾಗಿನ ಮಾತು ಬರೆಯಬೇಕಂದ್ರೆ? ಅತ್ತಿ ಪಕ್ಕದ ಕೋಣ್ಯಾಗ ಇದ್ದಾಗ ಅತ್ತಿ ಮ್ಯಾಲಿನ ಕತಿ ಗಟ್ಟಿಯಾಗಿ ಹೇಳಿ ಬರೆಸಾಕೆ ಆಗ್ತತೇನ್ರೀ? ಬೆರಳಿಗೆ ಸದ್ದಿಲ್ಲ. ಬರೆಯೋ ಹೆಣ್ಮಕ್ಕಳಿಗೆ ಆ ಸದ್ದಿಲ್ಲದ ಜಾಗ ಬೇಕು.

ಇದಕ್ಕೇ ನಾನು ನಿಮ್ಮದೇ ಒಂದು ಇರ್ಲಿ ಅನ್ನೋದು. ಮಕ್ಕಳ ಹೋಂವರ್ಕ್, ಯಜಮಾನ್ರ ಜಿಎಸ್‌ಟಿ, ನಿಮ್ಮ ಕತಿ ಎಲ್ಲಾ ಒಂದರಾಗೇ ಇದ್ರೆ ಮೊದಲು ಅಳಿಸಿ ಹೋಗೋದು ನಿಮ್ಮ ಕತಿನೇ. ಹಂಚಿಕೊಳ್ಳದೆ ಗತಿ ಇಲ್ಲ ಅಂದ್ರೆ ಅದರಾಗ ನಿಮ್ಮ ಹೆಸರಿನ ಬ್ಯಾರೆ ಖಾತಿ, ಬ್ಯಾರೆ ಪಾಸ್‌ವರ್ಡ್ ಆದ್ರೂ ಇಟ್ಟುಕೊಳ್ರಿ. ಬರೆದದ್ದರ ನಕಲು ಇನ್ನೊಂದು ಕಡೆ ಇರ್ಲಿ.

ಚೀಟಿ ರೊಕ್ಕ ಬಂದಾಗ ಮಿಕ್ಸಿ, ವಾಷಿಂಗ್ ಮಷೀನ್ ತರಾಕೆ ನಾವು ಹಿಂದೆಮುಂದೆ ನೋಡಲ್ಲ, ಅವು ಮನಿಗೆಲ್ಲ ಬೇಕು ಅಂತ. ನಮಗೊಬ್ಬರಿಗೇ ಅಂದ ಕೂಡಲೇ ಕೈ ಹಿಂದೆ ಸರೀತತಿ. ಈ ಸಲ ಸರಿಸಬ್ಯಾಡ್ರಿ. ಮಗನ್ನ ಜೊತಿಗೆ ಕರ್ಕೊಂಡು ಹೋಗ್ರಿ, ಅವನು ಹೇಳಿದ್ದನ್ನೂ ಕೇಳ್ರಿ. ಆದ್ರೆ ಕೀಬೋರ್ಡ್ ಮ್ಯಾಲೆ ಕೈಯಿಟ್ಟು “ಇದು ಬೇಕು” ಅನ್ನೋರು ನೀವೇ ಆಗ್ರಿ.