ಅಳತೆ ಕನ್ನಡದಲ್ಲೇ ಕೊಡಿ

ಮೊನ್ನೆ ಕರ್ನಾಟಕದಿಂದ ಬಂದ ನೆಂಟರು ಸೇಲಂನ ಹೆಸರಾಂತ ವೆಣ್‌ಪಟ್ಟು ಪಂಚೆ ಕೊಂಡರು. ಅದಕ್ಕೊಪ್ಪುವ ಅಂಗಿ ಹೊಲಿಸಲು ದರ್ಜಿಯ ಬಳಿ ಕರೆದೊಯ್ದೆವು. ಬಾರದ ತಮಿಳಿನಲ್ಲಿ ತಡವರಿಸಿ, ತೋಳು ಸಡಿಲವಿರಲಿ ಎಂಬುದನ್ನು ಕೈಸನ್ನೆಯಲ್ಲೇ ತಿಳಿಸಿದರು. ಅಷ್ಟರಲ್ಲಿ ದರ್ಜಿ ಮಗನನ್ನು "ಟೇಪು ತಕ್ಕೊಂಡ್ ಬಾರೋ" ಎಂದು ಕೂಗಬೇಕೆ! ಇಲ್ಲಿನ ನೇಕಾರ ದೇವಾಂಗರಲ್ಲಿ ಹಲವರ ಮನೆಮಾತು ಕನ್ನಡ. ಇವರೂ ಅದೇ ಮನೆತನದವರು. ಅಳತೆ ಬರೆದುಕೊಂಡದ್ದು ಮಾತ್ರ ತಮಿಳಿನಲ್ಲಿ.

ಸೇಲಂ, ಧರ್ಮಪುರಿ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ ಹೀಗೇ ಇದೆ. ನಾಲಿಗೆಯಲ್ಲುಂಟು, ಲೆಕ್ಕದ ಪುಸ್ತಕದಲ್ಲಿಲ್ಲ. ಬರೆಯಲು ಕಲಿಸುವುದು ನಮ್ಮಂಥ ಮೇಷ್ಟ್ರುಗಳ ಕೆಲಸ. ಆದರೆ ಮಾತಾಡಿಸುವುದು ನಿಮ್ಮ ಕೆಲಸವಲ್ಲವೆ? ಮುಂದಿನ ಸಲ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಅಂಗಿ ತೊಟ್ಟು ನೋಡಿ, ಬಿಗಿಯೋ ಸಡಿಲವೋ ಕನ್ನಡದಲ್ಲೇ ಹೇಳಿ. ಅಂಗಿಯೂ ಒಪ್ಪುತ್ತದೆ, ಭಾಷೆಯೂ ಉಳಿಯುತ್ತದೆ.