ದಣಿವು ಆಳು ನೋಡಿ ಬರುತ್ತದೆಯೇ?

ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಸರ್ಕಾರಿ ಹೆರಿಗೆ ವಾರ್ಡಿಗೆ ಬರುವ ಕೂಲಿ ಹೆಣ್ಣುಮಕ್ಕಳಲ್ಲಿ ಬೇನೆಗಿಂತ ಬೈಗುಳಕ್ಕೆ ಹೆದರುವವರಿದ್ದಾರೆ. ಅದಕ್ಕೆ ಸಿದ್ಧ ಉತ್ತರ: ‘ಸಿಸ್ಟರ್‌ಗಳಿಗೆ ಕೆಲಸ ಹೆಚ್ಚು.’

ನಿಜ. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅಷ್ಟು ಜನರನ್ನು ನೇಮಿಸದ ಸರ್ಕಾರವನ್ನು ನಾನೂ ಬೈಯುತ್ತೇನೆ. ಆದರೆ ಸಾಹೇಬರ ಮನೆಯವರು ಬಂದರೆ ಅದೇ ದಣಿದ ಬಾಯಲ್ಲಿ ‘ಬರ್ರಿ ಅಕ್ಕಾರ’ ಹೊರಡುವುದು ಹೇಗೆ? ಮಾಜಿ ದೇವದಾಸಿಯ ಮಗಳಿಗೆ ಮಾತ್ರ ‘ಏಯ್’ ಏಕೆ? ದಣಿವು ಆಳು ನೋಡಿ ಬರುವುದಿಲ್ಲ, ತಾತ್ಸಾರ ಬರುತ್ತದೆ.

2017ರ ‘ಲಕ್ಷ್ಯ’ ಯೋಜನೆ ಹೆರಿಗೆ ಕೋಣೆಯ ಗುಣಮಟ್ಟದಲ್ಲಿ ಬಾಣಂತಿಯ ಗೌರವವನ್ನೂ ಸೇರಿಸಿತು. ಹಾಗಾಗಿ ಕರುಣೆ ನರ್ಸಿನ ಔದಾರ್ಯವಲ್ಲ. ಇಂಜೆಕ್ಷನ್ ಕೊಟ್ಟಂತೆ ಅದೂ ಡ್ಯೂಟಿ. ತಪ್ಪಿದರೆ ಕೇಳುವವರಿರಬೇಕು.