ಶೀತವೂ ಕಥೆಗಾರನೂ
ವೈರಿಯನ್ನು ಶೀತದಲ್ಲಿ ಮರಗಟ್ಟಿಸಿ ಒಂದೇ ಪೆಟ್ಟಿಗೆ ಪುಡಿಮಾಡುವುದು ವಿಜ್ಞಾನಕಥೆಗಳ ಸವೆದ ತಂತ್ರ. ೧೯೯೧ರ ‘ಟರ್ಮಿನೇಟರ್ ೨’ ಚಿತ್ರದಲ್ಲಿ ದ್ರವ ನೈಟ್ರೋಜನ್ನಿನಲ್ಲಿ ತೊಯ್ದ ಲೋಹಮಾನವ ಒಂದು ಗುಂಡಿಗೆ ನುಚ್ಚುನೂರಾಗುತ್ತಾನೆ. ಕಾವು ತಗುಲಿದೊಡನೆ ಕರಗಿ ಮತ್ತೆ ಒಂದಾಗುತ್ತಾನೆ! ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ಆ ದ್ರವದಲ್ಲಿ ಅದ್ದಿದ ಹೂವು ಪುಡಿಯಾಗುವುದೇನೋ ನಿಜ. ಆದರೆ ತಾಮ್ರ ಹಾಗೆ ಒಡೆಯದು.

ನಿಜಜೀವನದಲ್ಲಿ ಶೀತದ ಕೆಲಸ ಇಷ್ಟು ಗದ್ದಲದ್ದಲ್ಲ. ೧೯೮೬ರ ಜನವರಿ ೨೮ರ ಚಳಿಯಲ್ಲಿ ಅಮೆರಿಕದ ಚಾಲೆಂಜರ್ ವ್ಯೋಮನೌಕೆಯ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರು ಉಂಗುರ ಚೂರಾಗಲಿಲ್ಲ. ಬಿರುಸಾಗಿ, ಪುಟಿದು ಸಂದನ್ನು ಮುಚ್ಚಲಾರದೆ ಹೋಯಿತು. ಏಳು ಜನ ಸತ್ತರು. ಹಿಂದಿನ ರಾತ್ರಿಯೇ ಎಂಜಿನಿಯರರು ಎಚ್ಚರಿಸಿದ್ದರು, ಮೇಲಿನವರು ಕಿವಿಗೊಡಲಿಲ್ಲ.

ಅನಾಹುತಕ್ಕೆ ಶೀತವೊಂದೇ ಸಾಲದು. ಅದನ್ನು ಲೆಕ್ಕಿಸದ ಮನುಷ್ಯನೂ ಬೇಕು. ನಮ್ಮ ಕಥೆಗಾರರು ಅವನನ್ನು ಕುರಿತು ಬರೆಯಲಿ.